ಅರ್ಧ ಬರೆದ ಬೋರ್ಡು

ಠಾಣೆಯ ದೊಡ್ಡ ಸಾಹೇಬರಿಗೆ,

ನೀವು ಬಂದು ವರ್ಷವಾಯಿತೆಂದು ದೋಣಿಕಟ್ಟೆಗೆ ಬೋರ್ಡು ಬರೆಯಲು ಹೇಳಿದ್ದೀರಿ: 'ಈ ದ್ವೀಪದಲ್ಲಿ ಅಪರಾಧ ಇಲ್ಲ.' ಹೇಗಿರುತ್ತೆ ಸ್ವಾಮಿ? ದೋಣಿ ಮಾಲೀಕ ತನ್ನ ಹೆಂಡತಿಯ, ಅಂದರೆ ನನ್ನ ತಂಗಿಯ, ದವಡೆ ಮುರಿದಾಗ ನಿಮ್ಮ ಹತ್ತಿರ ದೂರು ತಂದಿದ್ದೆ. "ಇಲ್ಲಿ ಎಲ್ಲರೂ ನೆಂಟರೇ, ನೆಂಟರ ಮೇಲೆ ಕೇಸ್ ಹಾಕ್ತಾರೇನಮ್ಮ?" ಅಂದಿರಿ. ಸಂಜೆ ಅವನ ದೋಣಿಯಲ್ಲೇ ಮೀನಿಗೆ ಗಾಳ ಹಾಕಲು ಹೋದಿರಿ. ತಂಗಿ ಇವತ್ತಿಗೂ ಏನನ್ನೂ ಅಗಿಯಲಾರಳು. ನೆಂಟಸ್ತನ ಅಂದರೆ ಹೊಡೆಯೋಕೆ ಲೈಸೆನ್ಸಾ?

'ಅಪರಾಧ'ದವರೆಗೆ ಬರೆದು ಕುಂಚ ತೊಳೆದಿಟ್ಟಿದ್ದೇನೆ. ನಾಳೆ ತಂಗಿಯನ್ನು ಕರೆತರುತ್ತೇನೆ, ದೂರು ಬರೆದುಕೊಳ್ಳಿ. ಆಗಲ್ಲ ಅಂದರೆ 'ಇದೆ' ಅಂತ ಮುಗಿಸಿ ಕಟ್ಟೆಯ ಮೇಲೆ ಬೋರ್ಡನ್ನು ನಾನೇ ಹೊಡೆಯುತ್ತೇನೆ. ಮೊಳೆ, ಸುತ್ತಿಗೆ ನನ್ನವೇ.

ಇಂತಿ,
ತಂಗಿಯನ್ನು ಬಿಟ್ಟು ಇನ್ಯಾರಿಗೂ ನೆಂಟಳಲ್ಲದ
ಬೋರ್ಡು ಬರೆಯುವವಳು