ಹನ್ನೊಂದನೆಯ ಆಟಗಾರ

ರೆಸೀಫೆ, 14 ಆಗಸ್ಟ್ 1970

ಪ್ರೀತಿಯ ಮಗಳು ಜಸೀರಾಳಿಗೆ,

ನಲವತ್ತು ವರ್ಷ ನೋಟರಿ ಕಚೇರಿಯಲ್ಲಿ ಅರ್ಜಿಗಳ ನಕಲು ತೆಗೆದ ನಿನ್ನ ತಂದೆಯು ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಪತ್ರವನ್ನು ಓದಿದೊಡನೆ ಸುಡತಕ್ಕದ್ದು. ಅಂಚೆಯನ್ನು ನಂಬದೆ ನೆರೆಮನೆಯ ಜುಲ್ಮೀರಾಳ ಕೈಯಲ್ಲಿ ಕಳುಹಿಸುತ್ತಿದ್ದೇನೆ.

ಈ ದಿನ ಬೆಳಿಗ್ಗೆ ಸಾದಾ ಉಡುಪಿನ ಇಬ್ಬರು ಪೊಲೀಸರು ಬಂದು, ನೀನು ಅಚ್ಚು ಹಾಕಿದ ಚೀಟಿಯೊಂದನ್ನು ನನ್ನ ಕಾಫಿ ಬಟ್ಟಲಿನ ಪಕ್ಕದಲ್ಲಿಟ್ಟರು. ಮಕ್ಕಳು ಆಲ್ಬಮ್ಮಿಗೆ ಅಂಟಿಸುವ ಫುಟ್‌ಬಾಲ್ ಆಟಗಾರರ ಚೀಟಿಯಂತೆಯೇ ನಮ್ಮ ದೇಶದ ತಂಡದ ಹಳದಿ ಅಂಗಿ, ಹಸಿರು ಕಾಲರ್. ಮುಖ ಮಾತ್ರ ಜುಲ್ಮೀರಾಳ ಮಗ ಆಡೆಮಾರನದು. ತಂಡದ ಹೆಸರಿರಬೇಕಾದ ಜಾಗದಲ್ಲಿ ಸೈನಿಕರು ಅವನನ್ನು ಎಳೆದೊಯ್ದ ದಿನಾಂಕ, ಕೈಬರಹದ ಒಂದು ಸಾಲಿನಲ್ಲಿ.

"ಏನ್ ಯಜಮಾನ್ರೇ, ಪೇಟೆ ಹುಡುಗ್ರೆಲ್ಲ ಇದನ್ನೇ ಬದಲಾಯಿಸ್ಕೊಂಡು ಆಡ್ತಿದಾರೆ. ಈ ಅಕ್ಷರ ಯಾರ್ದು? ನಿಮ್ ಮಗಳು ಚಿತ್ರ ಬರೀತಾಳಂತಲ್ಲ?" ಎಂದನು ದಪ್ಪನೆಯವನು.

ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದೆ. ಸಾಲಿನ ಕೊನೆಯ ಅಕ್ಷರಕ್ಕೆ ಕೊಕ್ಕೆಯಂತೆ ಹಿಂದಿರುಗುವ ಆ ಬಾಲ! ಅರ್ಜಿಗಳಿಗೆಂದು ನಾನು ರೂಢಿಸಿಕೊಂಡದ್ದು, ಏಳನೆಯ ವಯಸ್ಸಿನಲ್ಲಿ ನಿನ್ನ ಕೈ ಹಿಡಿದು ತಿದ್ದಿಸಿದ್ದು. ನಿನ್ನ ಹೆಸರು, ಮನೆ, ಎಲ್ಲವನ್ನೂ ಮರೆಮಾಚಿದವಳಿಗೆ ಅದೊಂದನ್ನು ಬಿಡಲಾಗಲಿಲ್ಲ. ಇನ್ನು ಮುಂದೆ ಆ ಬಾಲವನ್ನು ಎಳೆಯಕೂಡದೆಂದು ಪ್ರಾರ್ಥನೆ.

ಅವರು ನನ್ನ ಉತ್ತರದಿಂದ ತೃಪ್ತರಾಗಿ ಹೋದರು, ನೀನು ಆತಂಕಪಡತಕ್ಕದ್ದಿಲ್ಲ.

ಕಳೆದ ವರ್ಷ ನಿನ್ನ ಅಚ್ಚಿನ ಚಿತ್ರಗಳನ್ನು ನೋಡಿ "ಇದೂ ಒಂದು ಕಲೆಯೇನೇ? ಮಿಠಾಯಿ ಸುತ್ತೋ ಕಾಗ್ದ!" ಎಂದು ನಿನ್ನನ್ನು ಹೊಸಿಲು ದಾಟಿಸಿದೆ. "ಮಿಠಾಯಿ ಕಾಗ್ದ ಆದ್ರೆ ಎಲ್ರೂ ಬಿಚ್ಚಿ ನೋಡ್ತಾರಪ್ಪ. ನಿನ್ ಅರ್ಜೀನ ಯಾರ್ ಬಿಚ್ತಾರೆ?" ಎಂದಿದ್ದೆ ನೀನು. ಆಡೆಮಾರನಿಗಾಗಿ ನಾನು ಬರೆದ ಆರು ಅರ್ಜಿಗಳಲ್ಲಿ ಒಂದಕ್ಕೂ ಉತ್ತರವಿಲ್ಲ. ನಿನ್ನ ಕಾಗದಕ್ಕೆ ಒಂಬತ್ತೇ ದಿನಗಳಲ್ಲಿ ಸೈನಿಕ ಸರ್ಕಾರವೇ ಮನೆಬಾಗಿಲಿಗೆ ಬಂತು. ಈ ಸಂಗತಿಯನ್ನು ತಡವಾಗಿಯಾದರೂ ಒಪ್ಪಿಕೊಂಡಿದ್ದೇನೆ.

ನಿನ್ನ ಕ್ಷಮೆಯನ್ನು ಬೇಡುವ,
ಒನೋರಿಯೊ ಟಾವರೆಸ್

ತಾ.ಕ.: ಆ ಅಕ್ಷರ ನನ್ನದೆಂದು ಹೇಳಿದೆ. ಒಂದು ಸಾಲು ಬರೆದು ತೋರಿಸಿದೆ. ಬಾಲಕ್ಕೆ ಬಾಲ ಸರಿಹೊಂದಿತು. "ಈ ವಯಸ್ಸಲ್ಲಿ ಚೀಟಿ ಆಟ ಬೇಕಿತ್ತಾ ತಾತ?" ಎಂದು ನಕ್ಕು, ನನ್ನ ಗುರುತಿನ ಪತ್ರವನ್ನು ಕಿತ್ತುಕೊಂಡು ಹೋದರು. ಸೋಮವಾರ ಒಂಬತ್ತಕ್ಕೆ ಅವರ ಠಾಣೆಯಲ್ಲಿ ಹಾಜರಾಗಬೇಕು. ಅಷ್ಟರೊಳಗೆ ನೀನು ಆ ಊರು ಬಿಡು. ಹೀಗೆ ಎಳೆದೊಯ್ಯಲ್ಪಟ್ಟವರ ನಿನ್ನ ಚೀಟಿ ತಂಡದಲ್ಲಿ ಈವರೆಗೆ ಹತ್ತೇ ಆಟಗಾರರೆಂದು ಜುಲ್ಮೀರಾ ಹೇಳಿದಳು. ನನ್ನ ಭಾವಚಿತ್ರವನ್ನು ಲಗತ್ತಿಸಿದ್ದೇನೆ. ಅಂಗಿಗೆ ಹಳದಿ ಹಚ್ಚು. ದಿನಾಂಕದ ಜಾಗವನ್ನು ಸದ್ಯಕ್ಕೆ ಖಾಲಿ ಬಿಡು.