ಎದುರಂಗಡಿಯ ಬಾತು

ವಾಗೆನ್‌ಸ್ಟ್ರಾಟ್, ದಿ ಹೇಗ್
ನವೆಂಬರ್ ೧೯

ಅಪ್ಪನಿಗೆ ಕಾ-ಯಾನ್ ಮಾಡುವ ನಮಸ್ಕಾರ.

ಹಾಂಗ್‌ಕಾಂಗಿನಲ್ಲಿ ಅತ್ತೆಯೊಡನೆ ದಿನಾ ಜಗಳವಾಡುತ್ತೀಯಂತೆ. ಆರೋಗ್ಯ ಸುಧಾರಿಸಿದೆ ಎಂದುಕೊಂಡೆ.

ನಮ್ಮ ಬೀದಿಯ ಲಾಂಡ್ರಿ ಮುಚ್ಚಿತು, ದಿನಸಿ ಅಂಗಡಿಯಲ್ಲಿ ಈಗ ಮೊಬೈಲ್ ಮಾರುತ್ತಾರೆ. ಹಳೆಯ ಒಲೆಗಳು ಎರಡೇ ಉಳಿದಿವೆ, ನಮ್ಮದು ಮತ್ತು ಎದುರಿನ ಫಂಗ್ ಮಾಮನದು. ಒಬ್ಬರ ಅಡುಗೆಯನ್ನು ಇನ್ನೊಬ್ಬರು ಮಾರಬಾರದೆಂದು ನೀವು ಹಿರಿಯರು ಮಾಡಿದ ಕಟ್ಟಳೆ ಇನ್ನೂ ನಡೆದಿದೆ. ನಮ್ಮಲ್ಲಿ ನೂಡಲ್ಸ್, ಅವರಲ್ಲಿ ಸುಟ್ಟ ಬಾತುಕೋಳಿ. ನೀನು ಒಮ್ಮೆ ನಮ್ಮ ಕಿಟಕಿಯಲ್ಲಿ ಬಾತು ನೇತುಹಾಕಿದ್ದಕ್ಕೆ ಅವರು ಮಾತು ಬಿಟ್ಟರು. ಬಾತು ಒಂದು, ಮಾತಿಲ್ಲದ ವರ್ಷ ಇಪ್ಪತ್ತೊಂದು.

ಈಗ ಅವರ ಅಂಗಡಿಯಿರುವ ಕಟ್ಟಡ ಮಾರಾಟವಾಗಿದೆ, ಖಾಲಿ ಮಾಡಬೇಕು. ಹೋದ ವಾರ ನಮ್ಮ ಹಿಂಬಾಗಿಲಿಗೆ ಬಂದಿದ್ದರು.

"ನಿಮ್ಮಪ್ಪ ಹೂಂ ಅಂದ್ರೆ ನನ್ನ ಒಲೆ ನಿಮ್ಮ ಅಡುಗೆಮನೇಲಿ ಇಡ್ತೀನಿ ಕಣಮ್ಮ. ಅನ್ನಲ್ಲ ಬಿಡು, ಹಠಮಾರಿ ಮುದುಕ."

"ಅಪ್ಪನೂ ನಿಮ್ಮನ್ನ ಹಾಗೇ ಅಂತಾರೆ, ಮಾಮ."

"ಓ, ಇನ್ನೂ ನನ್ನ ನೆನಪಿದೆ ಅನ್ನು" ಎಂದು ನಕ್ಕರು.

ಬರೀ ನೂಡಲ್ಸಿನಿಂದ ನಮಗೂ ಬಾಡಿಗೆ ಹುಟ್ಟುತ್ತಿಲ್ಲ. ಬಾತು ಬಂದರೆ ಎರಡೂ ಅಂಗಡಿಗಳು ಒಂದಾಗಿ ಉಳಿಯುತ್ತವೆ. ಆದರೆ ನಿನ್ನ ಒಪ್ಪಿಗೆ ಇಲ್ಲದೆ ಅವರು ಹೊಸಿಲು ದಾಟುವುದಿಲ್ಲ. ಬಾತಿಗೆಂದು ಕಿಟಕಿಗೆ ಕೊಕ್ಕೆ ಹೊಡೆಸಿದ್ದೇನೆ. ನೀನು ಬೇಡವೆಂದರೆ ಕೋಟು ನೇತುಹಾಕುತ್ತೇವೆ.

ಉತ್ತರವನ್ನು ನನಗೆ ಬರೆಯಬೇಡ, ಅವರಿಗೇ ಫೋನ್ ಮಾಡು. ವಾರದಿಂದ ಫೋನಿನ ಪಕ್ಕವೇ ಕೂತಿದ್ದಾರೆ. ಯಾಕೆಂದು ಕೇಳಿದರೆ ಕಾಲುನೋವು ಅನ್ನುತ್ತಾರೆ.

ನಿನ್ನ ಮಗಳು,
ಕಾ-ಯಾನ್