ಕುಂಟು ಬೆಂಚಿನ ಆಚೆ ತುದಿಗೆ

ಮಂಜು ಭಾವ,

ಭಟ್ಕಳ ವಿಧಾನಸಭಾ ಕ್ಷೇತ್ರದ ಸಮಸ್ತ ಮತದಾರರ ಪರವಾಗಿ, ಅವರ್ಯಾರ ಅಪ್ಪಣೆಯನ್ನೂ ಕೇಳದೆ, ಈ ಮೂಲಕ ಘೋಷಿಸುವುದೇನೆಂದರೆ: ನಮ್ಮ ಶಾಲೆಯ ಮತಗಟ್ಟೆಯ ಕುಂಟು ಬೆಂಚಿಗೆ ನಾಲ್ಕನೆಯ ಕಾಲು ಬಂದಿದೆ! ನೀನು ಹೋದ ಮೇಲೆ ನಮ್ಮ ಕೇರಿಯಲ್ಲಿ ಆದ ಏಕೈಕ ಅಭಿವೃದ್ಧಿ ಕಾರ್ಯ ಇದು.

ಆ ಬೆಂಚಿನ ಮೇಲೆ ನಾವಿಬ್ಬರೂ ಎಷ್ಟು ಚುನಾವಣೆ ಕೂತೆವು, ನೆನಪಿದೆಯಾ? ಆ ತುದಿಗೆ ನಿಮ್ಮ ಪಕ್ಷದ ಏಜೆಂಟನಾಗಿ ನೀನು, ಈ ತುದಿಗೆ ನಮ್ಮ ಪಕ್ಷದ ಏಜೆಂಟನಾಗಿ ನಾನು, ಕಾಲಿಲ್ಲದ ಕಡೆ ಒಂದು ಚಿರೇಕಲ್ಲು. ನೀನು ಆಕ್ಷೇಪಣೆಗೆಂದು ಎದ್ದಾಗಲೆಲ್ಲ ನಾನು ನೆಲಕ್ಕೆ. ತಂಗಿಯನ್ನು ಕೊಟ್ಟವನನ್ನು ಹೀಗೆ ಬೀಳಿಸುವುದೇ ಎಂದರೆ, “ಕೊಟ್ಟದ್ದು ತಂಗಿನಾ, ವೋಟಲ್ಲ” ಅನ್ನುತ್ತಿದ್ದೆ ನೀನು. ಮಧ್ಯಾಹ್ನ ಅದೇ ತಂಗಿ ಕಳಿಸಿದ ಬಂಗಡೆ ಸಾರು ಒಂದೇ ಡಬ್ಬಿಯಿಂದ ಎರಡು ಪಕ್ಷಗಳ ಹೊಟ್ಟೆಗೆ.

ನಮ್ಮ ಕ್ಷೇತ್ರವೂ ಆ ಬೆಂಚಿನಂತೆಯೇ ಅಲ್ಲವೇ? ಹೆಸರು ಭಟ್ಕಳದ್ದು, ಅರ್ಧ ಮೈ ಹೊನ್ನಾವರದ್ದು, ಎಣಿಕೆ ಕುಮಟಾದಲ್ಲಿ. ಒಮ್ಮೆ ನಿಮ್ಮವರು, ಒಮ್ಮೆ ನಮ್ಮವರು, ಒಮ್ಮೆ ಇಬ್ಬರನ್ನೂ ಕೆಡವಿ ಪಕ್ಷೇತರ. ಈ ಸಲ ಯಾರೆಂದು ಕೇಳಿದರೆ ಹೇಳುವ ಗಂಡಸು ನೀನೊಬ್ಬನೇ ಇದ್ದೆ. ನೀನು ನೋಡಿದರೆ…

ನನ್ನ ಆಯಿ ಮತ ಹಾಕಲು ಬಂದ ಆ ಬೆಳಿಗ್ಗೆ ಮರೆತಿಲ್ಲ. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಬೇರೆ ಯಾರದೋ ಫೋಟೋ. ನೀನೊಂದು ಮಾತು ಹೇಳಿದ್ದರೆ ವಾಪಸ್. ನೀನು ಎದ್ದೆ, ನಾನು ಬಿದ್ದೆ. “ಇವ್ರು ನನ್ನ ಅತ್ತೆನೇ ಸಾರ್. ನಮ್ಗೆ ಜನ್ಮದಲ್ಲಿ ವೋಟು ಹಾಕೂದಿಲ್ಲ. ಬಿಡಿ ಒಳ್ಗೆ” ಅಂದೆ. ಆ ಸಲ ನಿಮ್ಮವರು ಸೋತರು. ನೀನು ಸಾಯುವತನಕ ನಿನ್ನನ್ನು ‘ಅತ್ತೆ ಏಜೆಂಟ್’ ಎಂದು ಕಾಡಿದರಲ್ಲ!

ಮೊನ್ನೆ ಮತದಾನ. ನಿನ್ನ ಜಾಗಕ್ಕೆ ಬಂದ ಹೊಸಬ ಪ್ಲಾಸ್ಟಿಕ್ ಕುರ್ಚಿ ತಂದುಕೊಂಡ. ಬೆಂಚಿನಲ್ಲಿ ನಾನೊಬ್ಬನೇ, ಸಮುದ್ರದ ಬದಿಯ ಕಿಟಕಿಗೆ ಮುಖ ಮಾಡಿ. ನಿನ್ನ ಮಗ ಉದಯನ ಬೋಟು ಬೆಳಕು ಹರಿಯುವ ಮೊದಲೇ ಮೀನಿಗೆ ಹೋದದ್ದು, ವಾಪಸ್ ಬರುವಾಗ ನೀರು ಇಳಿದು, ಒಳಬರಲಾಗದೆ ಅಳಿವೆಯ ಹೊರಗೇ ನಿಂತಿತ್ತು. ಅದರಲ್ಲಿ ಏಳು ಮಂದಿ, ಏಳೂ ನಿಮ್ಮ ಪಕ್ಷದ ಮತ. ನಮ್ಮ ಹುಡುಗರು ಗಂಟೆಗೊಮ್ಮೆ ಕಿಟಕಿಗೆ ಬಂದು, “ಬೋಟು ಬಂತನಾ?” “ಇಲ್ಲ.” “ಬರೂದೂ ಬ್ಯಾಡ.” ಈ ಸಲ ಒಂದೊಂದು ಮತಕ್ಕೂ ಜಗ್ಗಾಟ, ಭಾವ. ಬರದಿರಲಿ ಎಂದು ನಾನೂ ಬೇಡಿಕೊಂಡೆ. ಬರಲಿ ಎಂದೂ. ದೇವರಿಗೆ ತಲೆ ಕೆಟ್ಟಿರಬೇಕು.

ಐದೂಮುಕ್ಕಾಲಿಗೆ ನೀರು ಏರಿತು. ಬೋಟು ಅಳಿವೆ ದಾಟಿತು. ಏಳು ಜನ ಮರಳಿನ ಮೇಲೆ ಓಡಿ ಬರುತ್ತಿರುವುದು ಕಂಡಿತು. ನಿಮ್ಮ ಹೊಸಬ ಆಗಲೇ ಶೌಚಕ್ಕೆ ಹೋಗಬೇಕೇ? ಪೊಲೀಸ್ ಇದ್ದದ್ದು ರಸ್ತೆ ಬದಿಯ ಗೇಟಿನಲ್ಲಿ. ಆರು ಗಂಟೆಯ ಗಂಟೆ ಬಾರಿಸಿತು. ಆರು ಮಂದಿ ಅಂಗಳದಲ್ಲಿ. ಬೋಟು ಕಟ್ಟಿ ಕೊನೆಗೆ ಬಂದ ಉದಯ ಕಡಲ ಗೇಟಿನಲ್ಲಿ.

ಆರಕ್ಕೆ ಗೇಟಿನೊಳಗಿದ್ದವರಿಗೆ ಕೊಡುವ ಚೀಟಿ ಹಿಡಿದು ಹೊರಟ ಅಧಿಕಾರಿ ಮೇಡಂ ಬಾಗಿಲಲ್ಲೇ ನನ್ನತ್ತ ತಿರುಗಿದರು. “ನೀವು ಕಿಟಕೀಲಿ ನೋಡ್ತಿದ್ರಲ್ಲ, ಆರಕ್ಕೆ ಈ ಹುಡುಗ ಒಳಗಿದ್ನೋ ಹೊರಗೋ?”

ನಾನು ಎದ್ದೆ. ಬೆಂಚು ಅಲುಗಲಿಲ್ಲ. ಆಚೆ ತುದಿಯಲ್ಲಿ ಬೀಳಲು ಯಾರೂ ಇರಲಿಲ್ಲ.

“ಒಂದು ಕಾಲು ಒಳಗೆ, ಒಂದು ಹೊರಗೆ ಇತ್ತು ಮೇಡಂ.”

“ಒಳಗಿದ್ದದ್ದು ಯಾವ್ದು?”

“ಬಲಗಾಲು.”

“ಮದುಮಗಳಿಗೇ ಅಷ್ಟು ಸಾಕು. ಬರ್ಲಿ.”

ಚೀಟಿ ಕೊಡುವುದು ಸಾಲಿನ ಬಾಲದಿಂದ, ನಿನಗೆ ಗೊತ್ತಲ್ಲ. ಹಿಂದೆ ಯಾರೂ ಸೇರಬಾರದೆಂದು ಕೊನೆಯವನಿಗೇ ಮೊದಲ ಚೀಟಿ. ಆದ್ದರಿಂದ ಭಾವ, ನೀನು ಕೇಳದ ಸುದ್ದಿ: ಇದೇ ಶಾಲೆಯಲ್ಲಿ ಏಳನೇ ಇಯತ್ತೆ ಎರಡು ಸಲ ಓದಿದ ನಿನ್ನ ಮಗನಿಗೆ ಕೊನೆಗೂ ಒಂದನೇ ನಂಬರು ಬಂತು.

ಮತ ಹಾಕಿ ಬಂದವನು ಶಾಯಿಯ ಬೆರಳೆತ್ತಿ, “ಮಾವ, ಯಾರಿಗೆ ಹಾಕ್ದೆ ಗೊತ್ತಿದ್ಯಾ?” ಅಂದ. “ಹೇಳ್ಬೇಡನಾ” ಅಂದೆ. ತಿಳಿದರೆ ಎಣಿಕೆಯ ತನಕ ನಾಲ್ಕು ದಿನ ನಿದ್ದೆ ಹೇಗೆ?

ನಾಡಿದ್ದು ಎಣಿಕೆ. ನಮ್ಮ ಅಭ್ಯರ್ಥಿ ಆಗಲೇ ಫೋನು ಮಾಡಿ, “ಸೋದರಳಿಯ ಅಂತ ಒಳಗೆ ಬಿಟ್ರಾ?” ಎಂದು ಕೇಳಿದರು. ಇದ್ದದ್ದು ಹೇಳಿದೆ ಎಂದರೆ ಯಾರು ನಂಬುತ್ತಾರೆ? ಒಂದೇ ಮತದಲ್ಲಿ ಸೋತರೆ ‘ಅಳಿಯ ಏಜೆಂಟ್’ ಎಂಬ ಬಿರುದು ಖಾಯಂ. ಹಾಗಾದರೂ ನಮ್ಮ ಬೆಂಚು ಮತ್ತೆ ಸಮ ಆಗುತ್ತದೆ, ಬಿಡು.

ನಿನ್ನಿಂದ ಒಂದು ಸಣ್ಣ ಉಪಕಾರ ಆಗಬೇಕು. ಉದಯ ನನ್ನ ಮಾತು ಕೇಳುವುದಿಲ್ಲ. ಅವನ ಕನಸಿಗೆ ಹೋಗುವ ಅಂದಾಜಿದ್ದರೆ ಇಷ್ಟು ಹೇಳಿಬಿಡು: ಮುಂದಿನ ಸಲ ಬೆಳಿಗ್ಗೆ ಏಳಕ್ಕೇ ಬಂದು ಮೊದಲು ಮತ ಹಾಕಲಿ, ಬೋಟು ಆಮೇಲೆ ಬಿಡಲಿ.